ಇಬ್ಬರ ಹರಟೆಗೆ ಮೂರನೆಯವರ ಕಿವಿ

ಜಪಾನಿನ ರೇಡಿಯೊದಲ್ಲಿ ರಾತ್ರಿ ಒಂದು ಗಂಟೆಗೆ ಹಳೆಯ ಗೆಳೆಯರಿಬ್ಬರು ಹರಟಲು ಕೂರುತ್ತಾರೆ. ವಿಷಯ ಇಂಥದ್ದೇ ಎಂದಿಲ್ಲ, ಅತಿಥಿಗಳು ಇರಲೇಬೇಕೆಂದಿಲ್ಲ. ಆದರೂ ನಿದ್ದೆಗೆಟ್ಟು ಕೇಳುವವರಿಗೆ ಬರವಿಲ್ಲ. ಏನಿದೆ ಆ ಹರಟೆಯಲ್ಲಿ?

2024ರ ಫೆಬ್ರುವರಿ 18ರಂದು ಟೋಕಿಯೊ ಡೋಮ್ ಕ್ರೀಡಾಂಗಣದಲ್ಲಿ 53,000 ಜನ ಸೇರಿದ್ದರು. ಅಂದು ಅಲ್ಲಿ ಬೇಸ್‌ಬಾಲ್ ಪಂದ್ಯ ಇರಲಿಲ್ಲ, ಹೊರದೇಶದ ರಾಕ್ ತಂಡವೂ ಬಂದಿರಲಿಲ್ಲ. ನಲವತ್ತೈದು ವರ್ಷದ ಇಬ್ಬರು ಗೆಳೆಯರು ಮೈಕ್ ಮುಂದೆ ಕೂತು ಮಾತಾಡಿಕೊಳ್ಳುವುದನ್ನು ಕೇಳಲು ಟಿಕೆಟ್ ಕೊಂಡು ಬಂದವರು ಅವರೆಲ್ಲ. ಚಿತ್ರಮಂದಿರಗಳಲ್ಲಿ ಮತ್ತು ಇಂಟರ್‌ನೆಟ್‌ನಲ್ಲಿ ನೇರಪ್ರಸಾರ ನೋಡಿದವರನ್ನೂ ಸೇರಿಸಿದರೆ ಸಂಖ್ಯೆ 1,60,000ಕ್ಕೆ ಮುಟ್ಟಿತು.

ಆ ಇಬ್ಬರು ಮಸಯಾಸು ವಾಕಾಬಯಾಶಿ ಮತ್ತು ತೊಶಿಯಾಕಿ ಕಸುಗಾ. ಹಾಸ್ಯ ಜೋಡಿಯಾಗಿ ಅವರ ಹೆಸರು ‘ಆಡ್ರಿ’. ಒಂದೇ ಶಾಲೆಯಲ್ಲಿ ಓದಿ, ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಜೊತೆಗೆ ಆಡಿದವರು. 2000ದಲ್ಲಿ ಜೋಡಿ ಕಟ್ಟಿದ ಮೇಲೆ ವರ್ಷಗಟ್ಟಲೆ ಯಾರೂ ಅವರನ್ನು ಕೇಳಲಿಲ್ಲ. ಆ ದಿನಗಳಲ್ಲಿ ಅವರು ಕಸುಗಾನ ಬಾಡಿಗೆ ಕೋಣೆಯಲ್ಲೇ ಹರಟೆ ಕಾರ್ಯಕ್ರಮ ನಡೆಸುತ್ತಿದ್ದರು. ಆರು ಜಪಾನಿ ಚಾಪೆ ಹಾಸುವಷ್ಟು ಜಾಗ, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತಡಿಗೆ ಹತ್ತಡಿಯ ಕೋಣೆ. ಕೇಳುಗರು ಹತ್ತು ಮಂದಿಯಷ್ಟು. ಪಕ್ಕದ ಮನೆಯವರಿಗೆ ತೊಂದರೆಯಾಗಬಾರದೆಂದು ದನಿ ತಗ್ಗಿಸಿ ಮಾತಾಡುತ್ತಿದ್ದರು. 2008ರ ಕೊನೆಗೆ ಎಂ-1 ಎಂಬ ದೊಡ್ಡ ಹಾಸ್ಯಸ್ಪರ್ಧೆಯಲ್ಲಿ, ಸೋತವರಿಗೆ ಕೊಡುವ ಮರು ಅವಕಾಶದ ಸುತ್ತಿನಿಂದ ಮೇಲೆ ಬಂದು, ಎರಡನೆಯ ಸ್ಥಾನ ಗೆದ್ದರು. ಮರುವರ್ಷ ಅಕ್ಟೋಬರ್‌ನಿಂದ ‘ಆಲ್ ನೈಟ್ ನಿಪ್ಪಾನ್’ ರೇಡಿಯೊ ಕಾರ್ಯಕ್ರಮದ ಶನಿವಾರದ ರಾತ್ರಿ ಅವರ ಪಾಲಿಗೆ ಬಂತು.

ಹತ್ತು ಜನರ ಕೋಣೆಯಿಂದ ಡೋಮ್‌ವರೆಗಿನ ದಾರಿಯಲ್ಲಿ ಅವರು ಮಾಡಿದ ಕೆಲಸ ಹೆಚ್ಚೇನೂ ಬದಲಾಗಲಿಲ್ಲ. ಒಬ್ಬ ಹೇಳುತ್ತಾನೆ, ಇನ್ನೊಬ್ಬ ಕೇಳುತ್ತಾನೆ, ನಡುವೆ ಬಾಯಿ ಹಾಕುತ್ತಾನೆ, ಇಬ್ಬರೂ ನಗುತ್ತಾರೆ. ಇಂಥ ಕಾರ್ಯಕ್ರಮಗಳ ಮೋಡಿಗೆ ಸಾಮಾನ್ಯವಾಗಿ ಕೊಡುವ ವಿವರಣೆಯೊಂದಿದೆ: ಒಂಟಿ ಕೇಳುಗನಿಗೆ ಅವರು ಗೆಳೆಯರಾಗುತ್ತಾರೆ. ಅದು ಪೂರ್ತಿ ತಪ್ಪಲ್ಲ, ಆದರೆ ಮುಖ್ಯವಾದ ಸಂಗತಿ ಅದರಲ್ಲಿ ಬಿಟ್ಟುಹೋಗುತ್ತದೆ. ಅವರು ನಮಗೆ ಗೆಳೆಯರು ಎಂಬುದಕ್ಕಿಂತ, ಒಬ್ಬರಿಗೊಬ್ಬರು ಗೆಳೆಯರು ಎಂಬುದರಲ್ಲೇ ಈ ಆಕರ್ಷಣೆಯ ಬೇರಿದೆ.

ನಡುರಾತ್ರಿಯ ಲೆಕ್ಕಾಚಾರ

‘ಆಲ್ ನೈಟ್ ನಿಪ್ಪಾನ್’ ಶುರುವಾದದ್ದು 1967ರ ಅಕ್ಟೋಬರ್‌ನಲ್ಲಿ, ಟೋಕಿಯೊದ ನಿಪ್ಪಾನ್ ಹೊಸೊ ಕೇಂದ್ರದಿಂದ. ಮನೆಯ ನಡುಕೋಣೆಯನ್ನು ಟಿ.ವಿ. ಆಕ್ರಮಿಸಿದ ಕಾಲವದು. ಸಂಜೆಯ ಕೇಳುಗರನ್ನು ಕಳೆದುಕೊಂಡ ರೇಡಿಯೊಗೆ ಉಳಿದದ್ದು ಟಿ.ವಿ. ಮಲಗಿದ ಮೇಲಿನ ಹೊತ್ತು. ಆ ಹೊತ್ತಿಗೆ ಎಚ್ಚರ ಇರುತ್ತಿದ್ದವರು ಯಾರು? ಪ್ರವೇಶ ಪರೀಕ್ಷೆಗೆ ಓದುವ ಹುಡುಗರು, ಲಾರಿ ಮತ್ತು ಟ್ಯಾಕ್ಸಿ ಚಾಲಕರು, ರಾತ್ರಿ ಪಾಳಿಯವರು. ಯುದ್ಧ ಮುಗಿದ ನಂತರ ಹುಟ್ಟಿದ ದೊಡ್ಡ ಪೀಳಿಗೆ ಆಗಷ್ಟೇ ಕಾಲೇಜಿನ ಬಾಗಿಲು ಬಡಿಯುತ್ತಿತ್ತು. ಅಗ್ಗದ ಟ್ರಾನ್ಸಿಸ್ಟರ್ ಬಂದದ್ದರಿಂದ ರೇಡಿಯೊ ಮನೆಯವರೆಲ್ಲರ ಸ್ವತ್ತಾಗಿ ಉಳಿಯದೆ ಒಬ್ಬೊಬ್ಬರ ದಿಂಬಿನ ಪಕ್ಕಕ್ಕೆ ಬಂದಿತ್ತು.

ಭೌತವಿಜ್ಞಾನವೂ ಕೈಜೋಡಿಸಿತು. ಹಗಲಲ್ಲಿ ವಾಯುಮಂಡಲದ ಅಯಾನುಗೋಳದ ಕೆಳಪದರ ಮೀಡಿಯಂ ವೇವ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಹಗಲೆಲ್ಲ ಸಿಗದ ದೂರದ ಸ್ಟೇಷನ್ ರಾತ್ರಿ ಗರಗರ ಸದ್ದಿನ ನಡುವೆ ಕೇಳಿಬರುತ್ತಿದ್ದುದು ನಮ್ಮ ಹಳೆಯ ರೇಡಿಯೊ ಕೇಳುಗರಿಗೂ ನೆನಪಿರಬಹುದು. ಹಾಗೆ ಟೋಕಿಯೊದ ಆ ಕಾರ್ಯಕ್ರಮ ದೂರದ ಹಳ್ಳಿಯ ಹುಡುಗರಿಗೂ ಎಟುಕಿತು. ಮುಂದೆ ದೇಶದ ಉದ್ದಗಲದ ಕೇಂದ್ರಗಳು ಅದನ್ನೇ ಮರುಪ್ರಸಾರ ಮಾಡತೊಡಗಿದವು.

ಆ ಹೊತ್ತಿನ ಇನ್ನೊಂದು ಅನುಕೂಲ ಹಣಕಾಸಿನದು. ನಡುರಾತ್ರಿಯ ಪ್ರಸಾರದಿಂದ ಯಾರೂ ದೊಡ್ಡ ಲಾಭ ನಿರೀಕ್ಷಿಸುತ್ತಿರಲಿಲ್ಲ. ಹಾಗಾಗಿ ಹಗಲಿನ ಕಾರ್ಯಕ್ರಮಕ್ಕಿರುವ ಬಿಗಿ ಅದಕ್ಕಿರಲಿಲ್ಲ. ಹೊತ್ತು ತುಂಬಿಸಬೇಕು, ಖರ್ಚು ಕಡಿಮೆಯಿರಬೇಕು, ಅಷ್ಟೇ. ಮಾತಿಗಿಂತ ಅಗ್ಗದ ಸಾಮಗ್ರಿ ಯಾವುದಿದೆ? ಮೊದಲ ವರ್ಷಗಳಲ್ಲಿ ಕೇಂದ್ರದ ಉದ್ಘೋಷಕರೇ ಮೈಕ್ ಹಿಡಿದರು, ಆಮೇಲೆ ಗಾಯಕರು ಬಂದರು. 1981ರ ಹೊಸ ವರ್ಷದ ದಿನ ಹಾಸ್ಯನಟ ಬೀಟ್ ತಕೇಶಿ ಬಂದ ಮೇಲೆ ನಡುರಾತ್ರಿಯ ರೇಡಿಯೊ ಹಾಸ್ಯಗಾರರ ನೆಲೆಯಾಯಿತು.

ಹೂಂಗುಟ್ಟುವವನ ಕೆಲಸ

ತಕೇಶಿ ಮೈಕ್ ಮುಂದೆ ಒಬ್ಬನೇ ಇರಲಿಲ್ಲ. ಎದುರಿಗೆ ಕಾರ್ಯಕ್ರಮದ ಲೇಖಕ ಫುಮಿಯೊ ತಕಾದಾ ಕೂರುತ್ತಿದ್ದ. ತಕೇಶಿಯ ಮಾತಿನ ಹೊಳೆಗೆ ಅವನು ಗಟ್ಟಿಯಾಗಿ ನಗುವುದು, ನಡುವೆ ಒಂದೊಂದು ಮಾತು ಎಸೆಯುವುದು ಕಾರ್ಯಕ್ರಮದ ಅರ್ಧ ಜೀವವಾಯಿತು. ಕಥೆ ಹೇಳುವ ಅಜ್ಜಿಗೆ ಹೂಂಗುಟ್ಟುವವರು ಬೇಕು. ಹೂಂಗುಟ್ಟುವುದು ನಿಂತರೆ ಅಜ್ಜಿಯೂ ನಿಲ್ಲಿಸುತ್ತಾಳೆ. ಸ್ಟುಡಿಯೊದ ಗಾಜಿನ ಕೋಣೆಯಲ್ಲೂ ಇದೇ ನಿಯಮ. ಒಬ್ಬನೇ ಮೈಕ್‌ಗೆ ಮಾತಾಡುವಾಗ ಅದು ಭಾಷಣವಾಗುತ್ತದೆ. ಎದುರಿಗೆ ಒಬ್ಬ ಕೂತರೆ ಹರಟೆಯಾಗುತ್ತದೆ.

ಜಪಾನಿನಲ್ಲಿ ಈ ಎದುರು ಕೂರುವ ಕಲೆಗೆ ಹಳೆಯ ಶಾಸ್ತ್ರವೇ ಇದೆ. ಮಾಂಜಾಯ್ ಎಂಬ ಜೋಡಿ ಹಾಸ್ಯದಲ್ಲಿ ಒಬ್ಬ ಎಡವಟ್ಟು ಮಾತಾಡುವವ, ಅವನು ಬೊಕೆ. ಇನ್ನೊಬ್ಬ ಅದನ್ನು ಥಟ್ಟನೆ ಹಿಡಿದು ತಿದ್ದುವವ, ಅವನು ತ್ಸುಕ್ಕೊಮಿ. ತಿದ್ದುವ ಮಾತು ಬಿದ್ದಾಗಲೇ ನಗು ಸಿಡಿಯುತ್ತದೆ. ಆಡ್ರಿ ಜೋಡಿ ಇದನ್ನೂ ತಲೆಕೆಳಗು ಮಾಡಿತು. ಎದೆ ಉಬ್ಬಿಸಿ ನಿಂತ ಕಸುಗಾ ತಿದ್ದಬೇಕಿಲ್ಲದ ಕಡೆ ತಿದ್ದುತ್ತಾನೆ, ಹೊತ್ತಲ್ಲದ ಹೊತ್ತಿನಲ್ಲಿ ಬಾಯಿ ಹಾಕುತ್ತಾನೆ. ಆಮೇಲೆ ಅವನನ್ನು ತಿದ್ದುವ ಪಾಡು ವಾಕಾಬಯಾಶಿಯದು.

ವೇದಿಕೆಯ ಮೇಲೆ ಇದೆಲ್ಲ ತಾಲೀಮು ಮಾಡಿದ ಆಟ. ರೇಡಿಯೊದಲ್ಲಿ ಎರಡು ಗಂಟೆ ನೇರಪ್ರಸಾರಕ್ಕೆ ಆಗುವಷ್ಟು ತಾಲೀಮು ಯಾರಿಂದಲೂ ಆಗದು. ಅಲ್ಲಿ ಜೋಡಿಯನ್ನು ಕಾಯುವುದು ಹಳೆಯ ಸಲುಗೆಯೊಂದೇ. ನಡುರಾತ್ರಿಯಲ್ಲಿ ವರ್ಷಗಟ್ಟಲೆ ನಿಂತ ಜೋಡಿಗಳ ಪೈಕಿ ಎಷ್ಟೋ ಮಂದಿ ಶಾಲೆಯ ಗೆಳೆಯರೇ ಆಗಿದ್ದರೆ ಅದಕ್ಕೆ ಇದೇ ಕಾರಣವಿರಬೇಕು. 1985ರಿಂದ 1992ರವರೆಗೆ ಮಂಗಳವಾರದ ರಾತ್ರಿ ಆಳಿದ ‘ಟನೆಲ್ಸ್’ ಜೋಡಿಯ ಇಶಿಬಾಶಿ ಮತ್ತು ಕಿನಾಶಿ ಒಂದೇ ಹೈಸ್ಕೂಲಿನವರು, ಒಬ್ಬ ಬೇಸ್‌ಬಾಲ್ ತಂಡ, ಇನ್ನೊಬ್ಬ ಫುಟ್‌ಬಾಲ್ ತಂಡ. 1994ರಿಂದ ಗುರುವಾರಕ್ಕೆ ಬಂದ ‘ನೈಂಟಿ ನೈನ್’ ಜೋಡಿಯ ಒಕಾಮುರಾ ಮತ್ತು ಯಾಬೆ ಹೈಸ್ಕೂಲಿನ ಫುಟ್‌ಬಾಲ್ ತಂಡದಲ್ಲಿ ಹಿರಿಯ-ಕಿರಿಯರು.

ಮಾತು ಅಷ್ಟೇನೂ ತಮಾಷೆಯದಲ್ಲದಿದ್ದರೂ ಯಾಕೆ ನಗು ಬರುತ್ತದೆ ಎಂಬುದಕ್ಕೆ ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಮಾಡಿದ ಅಧ್ಯಯನ ಒಳ್ಳೆಯ ಸುಳಿವು ಕೊಡುತ್ತದೆ. ಅವರು ಮತ್ತು ಅವರ ವಿದ್ಯಾರ್ಥಿಗಳು ಮಾಲ್, ಕಾಲೇಜು ಆವರಣ, ರಸ್ತೆಗಳಲ್ಲಿ ಜನರ ಮಾತಿಗೆ ಕಿವಿಗೊಟ್ಟು, 1,200 ನಗುವಿನ ಪ್ರಸಂಗಗಳನ್ನು ಬರೆದಿಟ್ಟುಕೊಂಡರು. ಅವುಗಳಲ್ಲಿ ಜೋಕ್ ಎನ್ನಬಹುದಾದ ಮಾತಿನ ಹಿಂದೆ ಬಂದ ನಗು ಶೇ 20ಕ್ಕಿಂತ ಹೆಚ್ಚಿರಲಿಲ್ಲ. ಉಳಿದದ್ದೆಲ್ಲ ‘ಸರಿ, ಆಮೇಲೆ ಸಿಗೋಣ’ ಎಂಬಂಥ ಸಪ್ಪೆ ಮಾತಿಗೆ ಬಂದ ನಗು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿ ನಗುವುದು 30 ಪಟ್ಟು ಹೆಚ್ಚು ಎಂಬುದೂ ಅವರ ಲೆಕ್ಕ. ನಗುವಿಗೆ ಮೊದಲು ಬೇಕಾದದ್ದು ಸಂಬಂಧ, ಜೋಕ್ ಆಮೇಲಿನದು. ಹಾಸಿಗೆಯ ಮೇಲೆ ಒಬ್ಬನೇ ಮಲಗಿರುವವನ ಕಿವಿಗೆ ಇಬ್ಬರ ನಗು ಬಿದ್ದಾಗ, ಅವನು ಒಬ್ಬನೇ ಎಂಬ ಲೆಕ್ಕ ತುಸು ಹೊತ್ತು ತಪ್ಪುತ್ತದೆ.

ಹೇಳದೆ ಉಳಿಸಿಕೊಂಡ ಮಾತು

ನಡುರಾತ್ರಿಯ ಜೋಡಿಗಳಲ್ಲಿ ಒಂದು ರೂಢಿಯಿದೆ. ವಾರದಲ್ಲಿ ತನಗಾದ ಒಳ್ಳೆಯ ಪ್ರಸಂಗವನ್ನು ಪ್ರಸಾರಕ್ಕೆ ಮೊದಲು ಸಂಗಾತಿಗೆ ಹೇಳುವುದಿಲ್ಲ. ಅದು ಮೊದಲ ಸಲ ಹೊರಬರುವುದು ಮೈಕ್ ಮುಂದೆ. ಕಾರ್ಯಕ್ರಮದ ಈ ಭಾಗಕ್ಕೆ ಅಲ್ಲಿನವರು ಫ್ರೀ ಟಾಕ್ ಎನ್ನುತ್ತಾರೆ. ಅಂಗಡಿಗೆ ಹೋಗಿ ಚಪ್ಪಲಿ ಕೊಂಡದ್ದು, ಲಿಫ್ಟಿನಲ್ಲಿ ಅಪರಿಚಿತರ ಜೊತೆ ಸಿಕ್ಕಿಹಾಕಿಕೊಂಡದ್ದು, ಮಗುವನ್ನು ಪಾರ್ಕಿಗೆ ಕರೆದೊಯ್ದದ್ದು, ಹೀಗೆ ಎಷ್ಟು ಸಣ್ಣದಾದರೂ ಸರಿ, ಇಪ್ಪತ್ತು ನಿಮಿಷ ಬೆಳೆಸುವಂತಿದ್ದರೆ ಆಯಿತು.

ಈ ಸಣ್ಣ ಸಂಯಮದಿಂದ ದೊಡ್ಡ ಫಲವಿದೆ. ಕೇಳುತ್ತಿರುವ ಗೆಳೆಯನಿಗೂ ಕಥೆ ಹೊಸತು, ರೇಡಿಯೊ ಮುಂದಿನವನಿಗೂ ಹೊಸತು. ಇಬ್ಬರೂ ಒಂದೇ ಹೊತ್ತಿಗೆ ಬೆಚ್ಚುತ್ತಾರೆ, ಒಂದೇ ಹೊತ್ತಿಗೆ ನಗುತ್ತಾರೆ. ಆದರೆ ಒಂದು ವ್ಯತ್ಯಾಸ: ಗೆಳೆಯನಿಗೆ ಹೇಳುವವನ ಪೂರ್ವಾಪರ ಗೊತ್ತು. ‘ನೀನು ಹಾಗೆ ಮಾಡಿರಲಿಕ್ಕಿಲ್ಲ, ನಿನ್ನಂಥ ಅಂಜುಬುರುಕ’ ಎಂದು ತಡೆಯುತ್ತಾನೆ. ಹದಿನಾರನೇ ವಯಸ್ಸಿನ ಒಂದು ಅವಮಾನವನ್ನು ಹೊರಗೆಳೆಯುತ್ತಾನೆ. ಸಂದರ್ಶಕನಿಗೆ ಇದು ಸಾಧ್ಯವಿಲ್ಲ. ಸಂದರ್ಶಕ ಕೇಳುವುದು ಸಿದ್ಧಮಾಡಿಕೊಂಡ ಪ್ರಶ್ನೆ, ತಾರೆ ಕೊಡುವುದು ಸಿದ್ಧಮಾಡಿಕೊಂಡ ಉತ್ತರ. ಹಳೆಯ ಗೆಳೆಯನ ಮುಂದೆ ಬಡಾಯಿ ನಡೆಯುವುದಿಲ್ಲ. ಅವನು ಎದುರಿಗಿರುವುದರಿಂದಲೇ ಹೇಳುವವನ ಮಾತಿಗೆ ಒಂದು ಖಾತರಿ ಸಿಗುತ್ತದೆ.

ಜಪಾನಿನ ಟಿ.ವಿ. ಹಾಸ್ಯಕ್ಕೆ ಹೋಲಿಸಿದರೆ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಹತ್ತು ಹನ್ನೆರಡು ತಾರೆಯರ ಸಾಲು, ಪ್ರತಿ ಮಾತಿಗೂ ಪರದೆ ತುಂಬ ಬಣ್ಣದ ಅಕ್ಷರ, ಕತ್ತರಿ ಹಾಕಿ ಚುರುಕುಗೊಳಿಸಿದ ದೃಶ್ಯ. ಒಬ್ಬೊಬ್ಬರ ಪಾಲಿಗೆ ಸಿಗುವುದು ಕೆಲವೇ ಸೆಕೆಂಡು. ನಡುರಾತ್ರಿಯ ರೇಡಿಯೊದಲ್ಲಿ ಮಾತು ದಾರಿ ತಪ್ಪಬಹುದು, ಮೌನ ಬೀಳಬಹುದು, ಹೇಳಹೊರಟ ಕಥೆ ಸಪ್ಪೆಯಾಗಿ ಮುಗಿಯಬಹುದು. ಹಾಗೆ ಸಪ್ಪೆಯಾದದ್ದನ್ನೇ ಗೆಳೆಯ ಹಿಡಿದು ಗೇಲಿ ಮಾಡಿದಾಗ ಅದೇ ರಾತ್ರಿಯ ಅತ್ಯುತ್ತಮ ಭಾಗವಾಗುವುದೂ ಉಂಟು.

ಕೇಳುಗ ಕೂರುವ ಜಾಗ

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು, ಟಿ.ವಿ., ರೇಡಿಯೊಗಳ ನಿರೂಪಕರ ಜೊತೆ ಪ್ರೇಕ್ಷಕರು ಬೆಳೆಸಿಕೊಳ್ಳುವ ಒಮ್ಮುಖ ಸ್ನೇಹದ ಬಗ್ಗೆ ಬರೆದರು. ನಿರೂಪಕ ಕ್ಯಾಮೆರಾ ನೋಡಿ ನಿಮ್ಮೊಬ್ಬರಿಗೇ ಹೇಳುವಂತೆ ಮಾತಾಡುತ್ತಾನೆ, ನಿಮಗೆ ಅವನ ಪರಿಚಯ ಇದೆ ಅನ್ನಿಸುತ್ತದೆ, ಅವನಿಗೆ ನಿಮ್ಮ ಗುರುತೇ ಇಲ್ಲ. ಇಂದಿಗೂ ತಾರೆ-ಅಭಿಮಾನಿ ಸಂಬಂಧದ ಚರ್ಚೆ ಶುರುವಾಗುವುದು ಆ ಬರಹದಿಂದಲೇ.

ಗೆಳೆಯರ ಹರಟೆ ಈ ಚೌಕಟ್ಟಿಗೆ ಪೂರ್ತಿ ಒಗ್ಗುವುದಿಲ್ಲ. ಅವರು ಕೇಳುಗನ ಕಡೆ ತಿರುಗಿ ‘ನಾನು ನಿನ್ನವನು’ ಎನ್ನುವುದಿಲ್ಲ. ತಮ್ಮತಮ್ಮಲ್ಲೇ ಮುಳುಗಿರುತ್ತಾರೆ. ಕೇಳುಗ ಪಕ್ಕದಲ್ಲಿ ಕೂತ ಮೂರನೆಯವ. ಅವನಿಂದ ಯಾರೂ ಉತ್ತರ ಬಯಸುವುದಿಲ್ಲ, ಅವನು ಚೆನ್ನಾಗಿ ಮಾತಾಡಬೇಕಿಲ್ಲ, ಬೇಸರವಾದರೆ ಕಣ್ಣು ಮುಚ್ಚಬಹುದು. ಸಂಕೋಚದ ಸ್ವಭಾವದವರಿಗೆ ಗುಂಪಿನಲ್ಲಿ ಇದಕ್ಕಿಂತ ಹಿತವಾದ ಜಾಗವಿಲ್ಲ. ನೇರವಾಗಿ ಓಲೈಸುವವರ ಬಗ್ಗೆ ನಮಗೆ ಒಳಗೊಳಗೇ ಅನುಮಾನ ಇರುತ್ತದೆ. ಓಲೈಸದೆ ಜಾಗ ಬಿಟ್ಟುಕೊಟ್ಟವರ ಬಗ್ಗೆ ಇರುವುದಿಲ್ಲ.

ಆ ಮೂರನೆಯವನಿಗೆ ಬಾಯಿಲ್ಲವೆಂದೂ ಅಲ್ಲ. ಕಾರ್ಯಕ್ರಮದ ಎರಡನೆಯ ಭಾಗ ಕೇಳುಗರ ಪತ್ರಗಳದು. ಹಿಂದೆ ಪೋಸ್ಟ್‌ಕಾರ್ಡ್, ಈಗ ಇಮೇಲ್. ಕೊಟ್ಟ ವಿಷಯಕ್ಕೆ ನಾಲ್ಕೇ ಸಾಲಿನಲ್ಲಿ ನಗೆಹನಿ ಬರೆದು, ತಾವೇ ಇಟ್ಟುಕೊಂಡ ಅಡ್ಡಹೆಸರಿನಲ್ಲಿ ಕಳಿಸಬೇಕು. ವಾರವಾರವೂ ಆಯ್ಕೆಯಾಗುವ ನುರಿತವರನ್ನು ‘ಹಗಾಕಿ ಶೊಕುನಿನ್’, ಅಂದರೆ ಪೋಸ್ಟ್‌ಕಾರ್ಡಿನ ಕಸುಬುದಾರರು ಎಂದು ಕರೆಯುವುದು ವಾಡಿಕೆ. ಮುಖ ಕಾಣದ ಇವರ ಹೆಸರುಗಳು ಉಳಿದ ಕೇಳುಗರಿಗೆ ಬಾಯಿಪಾಠ. ಇವರಲ್ಲಿ ಕೆಲವರು ಮುಂದೆ ರೇಡಿಯೊ, ಟಿ.ವಿ.ಗಳಿಗೆ ಬರೆಯುವವರೇ ಆದರು. ಹೀಗೆ ಪತ್ರ ಬರೆದೇ ಹೆಸರಾದ ತ್ಸುಚಿಯಾ ತಕಾಯುಕಿ, ನಗೆಹನಿಯ ಹುಚ್ಚಿನಲ್ಲಿ ಕಳೆದ ತನ್ನ ಯೌವನದ ಕುರಿತು 2017ರಲ್ಲಿ ಪುಸ್ತಕ ಪ್ರಕಟಿಸಿದ. 2024ರ ಜನವರಿಯಲ್ಲಿ ಅದು ಸಿನಿಮಾ ಆಗಿಯೂ ಬಂತು.

ಸಲುಗೆ ಜಾರಿದಾಗ

ಇಷ್ಟು ಹೇಳಿದ ಮೇಲೆ ಇದರ ಕೆಡುಕನ್ನೂ ಹೇಳಬೇಕು. ಇಬ್ಬರು ಗಂಡಸರು, ನಡುರಾತ್ರಿ, ಬಾಗಿಲು ಮುಚ್ಚಿದ ಕೋಣೆ, ನಗುವವರ ಗುಂಪು. ‘ಇಲ್ಲಿರುವವರೆಲ್ಲ ನಮ್ಮವರು’ ಎಂಬ ಭ್ರಮೆ ಹುಟ್ಟಲು ಇಷ್ಟು ಸಾಕು. ಹೊರಗೆ ಆಡಲು ಹೆದರುವ ಮಾತು ಅಲ್ಲಿ ಸಲೀಸಾಗಿ ಹೊರಬೀಳುತ್ತದೆ. ಆದರೆ ರೇಡಿಯೊ ಮುಚ್ಚಿದ ಕೋಣೆಯಲ್ಲ.

ನೈಂಟಿ ನೈನ್ ಜೋಡಿಯಲ್ಲಿ ಯಾಬೆ 2014ರಲ್ಲಿ ಕಾರ್ಯಕ್ರಮ ಬಿಟ್ಟಿದ್ದ. ಒಕಾಮುರಾ ಒಬ್ಬನೇ ಮುಂದುವರಿಸುತ್ತಿದ್ದ. 2020ರ ಏಪ್ರಿಲ್ 23ರ ಪ್ರಸಾರದಲ್ಲಿ, ಕೊರೊನಾ ದಿನಗಳಲ್ಲಿ, ಕೇಳುಗನೊಬ್ಬನ ಪತ್ರಕ್ಕೆ ಉತ್ತರಿಸುತ್ತ ಅವನು ಹೇಳಿದ್ದು ಹೀಗೆ: ಈ ಕಷ್ಟಕಾಲ ದಾಟಿದ ಮೇಲೆ ಕೈಯಲ್ಲಿ ಕಾಸಿಲ್ಲದ ಚೆಲುವೆಯರು ಲೈಂಗಿಕ ದಂಧೆಗೆ ಬರುತ್ತಾರೆ, ಅಲ್ಲಿಯವರೆಗೆ ತಡೆದುಕೊಳ್ಳಿ ಎಂಬರ್ಥದ ಮಾತು. ಹೆಂಗಸರ ಬಡತನವನ್ನು ಗಂಡಸರ ಸುಗ್ಗಿಯಾಗಿ ಕಂಡ ಈ ಮಾತಿಗೆ ದೇಶದ ತುಂಬ ಸಿಟ್ಟು ಎದ್ದಿತು.

ಮುಂದಿನ ವಾರ, ಏಪ್ರಿಲ್ 30ರಂದು, ಒಕಾಮುರಾ ಮೈಕ್ ಮುಂದೆ ಕ್ಷಮೆ ಕೇಳುತ್ತಿದ್ದಾಗ ಯಾಬೆ ಸ್ಟುಡಿಯೊದೊಳಗೆ ಬಂದ. ಸಮಾಧಾನ ಹೇಳಲಿಲ್ಲ. ನೇರಪ್ರಸಾರದಲ್ಲೇ ಬಹಳ ಹೊತ್ತು ಗೆಳೆಯನನ್ನು ತರಾಟೆಗೆ ತೆಗೆದುಕೊಂಡ. ಆ ಒಂದು ಮಾತಿಗಷ್ಟೇ ನಿಲ್ಲಲಿಲ್ಲ. ಕೃತಜ್ಞತೆ ಹೇಳಲು, ತಪ್ಪೊಪ್ಪಿಕೊಳ್ಳಲು ಬಾರದ ಅವನ ಸ್ವಭಾವದವರೆಗೂ, ವರ್ಷಗಳಿಂದ ಒಳಗೆ ಇಟ್ಟುಕೊಂಡದ್ದನ್ನೆಲ್ಲ ಹೊರಹಾಕಿದ. ಮೇ 14ರಿಂದ ಕಾರ್ಯಕ್ರಮ ಮತ್ತೆ ಇಬ್ಬರದ್ದಾಯಿತು.

ಇದನ್ನು ಗೆಳೆತನದ ಗೆಲುವೆಂದು ಹೊಗಳಿ ಮುಗಿಸುವುದು ಸುಲಭ. ಆದರೆ ನೋವು ತಿಂದದ್ದು ಯಾಬೆ ಅಲ್ಲ, ಆ ಮಾತಿಗೆ ಗುರಿಯಾದ ಹೆಂಗಸರು. ಗೆಳೆಯನ ಬೈಗುಳ ಅವರ ಪಾಲಿನ ನ್ಯಾಯವಾಗದು. ಅಷ್ಟನ್ನು ಒಪ್ಪಿಕೊಂಡೇ ಗಮನಿಸಬೇಕಾದ ಸಂಗತಿಯೊಂದಿದೆ. ಆ ಮಾತು ಬಿದ್ದದ್ದು ಒಕಾಮುರಾ ಒಬ್ಬನೇ ಇದ್ದಾಗ. ಹೂಂಗುಟ್ಟುವವನಿದ್ದರೆ ತಡೆಯುತ್ತಿದ್ದನೇ? ಹೇಳಲಾಗದು, ಇಬ್ಬರೂ ಸೇರಿ ನಗುವ ಅಪಾಯವೂ ಉಂಟು. ಆದರೆ ತಡೆಯುವ ಹಕ್ಕು ಇದ್ದದ್ದು ಅವನಿಗೆ ಮಾತ್ರ. ಅಭಿಮಾನಿಗೆ ಆ ಹಕ್ಕಿಲ್ಲ, ಸಂಬಳ ಪಡೆಯುವ ಸಹಾಯಕನಿಗೆ ಆ ಧೈರ್ಯವಿಲ್ಲ. ಗೆಳೆಯರ ಕಾರ್ಯಕ್ರಮ ಬರೀ ಬೆಚ್ಚನೆಯ ಮಾತಿನಿಂದ ನಡೆಯುವುದಿಲ್ಲ. ‘ಏನು ಮಾತಾಡ್ತಾ ಇದ್ದೀಯ’ ಎಂದು ಗದರುವ ಬಾಯಿ ಎದುರಿಗಿದ್ದಾಗಲೇ ಅದಕ್ಕೆ ಬೆನ್ನೆಲುಬು.

ತಯಾರಿಸಲಾಗದ ಸರಕು

2010ರಲ್ಲಿ ‘ರಾಡಿಕೊ’ ಎಂಬ ಸೇವೆ ಜಪಾನಿನ ರೇಡಿಯೊವನ್ನು ಇಂಟರ್‌ನೆಟ್‌ಗೆ ತಂದಿತು. 2016ರಿಂದ ಮುಗಿದ ಕಾರ್ಯಕ್ರಮವನ್ನು ವಾರದೊಳಗೆ ಯಾವಾಗ ಬೇಕಾದರೂ ಕೇಳುವ ಸೌಲಭ್ಯ ಬಂತು. ನಡುರಾತ್ರಿಯ ಹರಟೆ ಬೆಳಗಿನ ರೈಲಿಗೂ, ಅಡುಗೆಮನೆಗೂ ಬಂತು. ಡೋಮ್ ತುಂಬುವಷ್ಟು ಕೇಳುಗರು ಬೆಳೆದದ್ದರಲ್ಲಿ ಇದರ ಪಾಲು ದೊಡ್ಡದು. ರಾತ್ರಿಯ ಹೊತ್ತಿನ ಒಂಟಿತನವೇ ಈ ಕಾರ್ಯಕ್ರಮಗಳ ಬಂಡವಾಳ ಎನ್ನುವವರಿಗೆ ಇದು ಉತ್ತರವೂ ಹೌದು: ಹೊತ್ತು ಬದಲಾದರೂ ಮೋಡಿ ಉಳಿಯಿತು. ಮಾತಾಡುವವರಿಗೆ ರಾತ್ರಿ ಬೇಕು, ನಾಲಿಗೆ ಸಡಿಲವಾಗಲು. ಕೇಳುವವರಿಗೆ ಬೇಕಾದದ್ದು ಸಡಿಲವಾದ ಆ ನಾಲಿಗೆ.

ಈಗ ಜಗತ್ತಿನ ಹಲವು ಭಾಷೆಗಳಲ್ಲಿ ಎರಡು ಮೈಕ್, ಎರಡು ಕುರ್ಚಿ, ಹಿಂದೊಂದು ಬಣ್ಣದ ದೀಪ ಇಟ್ಟುಕೊಂಡು ಹರಟುವ ಪಾಡ್‌ಕಾಸ್ಟ್‌ಗಳು ಹುಟ್ಟಿವೆ. ಅವುಗಳಲ್ಲಿ ಅನೇಕವು ಬೇಗ ಸೊರಗಲು ಕಾರಣ ಉಪಕರಣದ ಕೊರತೆಯಲ್ಲ. ಇಬ್ಬರು ಮಾತುಗಾರರನ್ನು ಎದುರುಬದುರು ಕೂರಿಸಬಹುದು, ಇಪ್ಪತ್ತು ವರ್ಷದ ಸಲುಗೆಯನ್ನು ಕೂರಿಸಲಾಗದು. ನಿಪ್ಪಾನ್ ಹೊಸೊದವರಿಗೆ ಇದು ಗೊತ್ತು. ಅದಕ್ಕೇ ಹೊಸಬರನ್ನು ಮೊದಲು ರಾತ್ರಿ ಮೂರು ಗಂಟೆಯ ‘ಆಲ್ ನೈಟ್ ನಿಪ್ಪಾನ್ ಝೀರೊ’ ಪಾಳಿಗೆ ಹಾಕಿ ನೋಡುತ್ತಾರೆ. ಅಲ್ಲಿ ಪಳಗಿದವರಿಗೆ ಒಂದು ಗಂಟೆಯ ಪಾಳಿಗೆ ಬಡ್ತಿ ಸಿಗಬಹುದು.

ಪಳಗಿದವರಿಗೂ ಅಪಾಯ ತಪ್ಪಿದ್ದಲ್ಲ. ಗೆಳೆತನವೇ ಕಸುಬಾದಾಗ ಪ್ರತಿ ಜಗಳವೂ, ಪ್ರತಿ ಮುಜುಗರವೂ ಶನಿವಾರಕ್ಕೆ ಸರಕಾಗಿ ಕಾಣತೊಡಗುತ್ತದೆ. ಬದುಕಿದ್ದನ್ನು ಹೇಳುವ ಬದಲು ಹೇಳುವುದಕ್ಕೆಂದೇ ಬದುಕುವ ಚಟ ಹತ್ತುತ್ತದೆ. ಕೇಳುಗನ ಕಿವಿ ಇದನ್ನು ಬೇಗ ಪತ್ತೆ ಹಚ್ಚುತ್ತದೆ, ಯಾಕೆಂದರೆ ವರ್ಷಗಳಿಂದ ಆ ಇಬ್ಬರ ಉಸಿರಿನ ಏರಿಳಿತವೂ ಅವನಿಗೆ ಪರಿಚಿತ. ಅವನು ಕೇಳುವುದು ದೊಡ್ಡ ವರವನ್ನಲ್ಲ. ಜೊತೆಗೇ ಬೆಳೆದು, ಜೊತೆಗೇ ದುಡಿದು, ಒಬ್ಬರನ್ನೊಬ್ಬರು ಪೂರ್ತಿ ಬಲ್ಲ ಆ ಇಬ್ಬರಿಗೆ ಈ ವಾರವೂ ಒಬ್ಬರಿಗೊಬ್ಬರು ಹೇಳದೆ ಉಳಿದ ಮಾತು ಒಂದಾದರೂ ಇರಲಿ ಎಂದಷ್ಟೇ ಕೇಳುತ್ತಾನೆ.